ಹೇಗಿದ್ದರೂ ಉಗಿಯುತ್ತಲ್ಲ

ಐಸ್‌ಲ್ಯಾಂಡಿನ ಸ್ಟ್ರೋಕ್ಕುರ್ ಗೀಸರ್ (ನೆಲದೊಳಗಿಂದ ಬಿಟ್ಟು ಬಿಟ್ಟು ಚಿಮ್ಮುವ ಬಿಸಿನೀರ ಬುಗ್ಗೆ) ಚಿಮ್ಮುವ ನಿಧಾನಗತಿಯ ವಿಡಿಯೊ ಈ ವಾರ ಸಿಕ್ಕಿತು. ಹೊಂಡದ ನೀರು ಉಬ್ಬಿ ನೀಲಿ ಗುಮ್ಮಟವಾಗುತ್ತದೆ. ಒಳಗೆ ಬೆಳ್ಳಗೆ ಹಬೆ. ಗುಮ್ಮಟ ಒಡೆದದ್ದೇ ನೀರು 15–20 ಮೀಟರ್ ಮೇಲಕ್ಕೆ. ಆ ಗುಮ್ಮಟವನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುವಾಗ ಪಕ್ಕದಲ್ಲಿದ್ದವರು ಕೇಳಿದರು: "ಅದರೊಳಗೆ ಒಂದು ನಾಣ್ಯ ಹಾಕಿದರೆ?" ಹಾಕಬಾರದು ಅಂದದ್ದಕ್ಕೆ, "ಹೇಗಿದ್ದರೂ ಉಗಿಯುತ್ತಲ್ಲ, ಬಿಡಿ."

ಓದಿಕೊಂಡವರು. ಮನೆಯ ನಲ್ಲಿ ತೊಟ್ಟಿಕ್ಕಿದರೆ ನಿದ್ದೆ ಬಾರದವರು.

ಬಿಸಿ ಬಂಡೆ, ಅಂತರ್ಜಲ ಎರಡೇ ಸಾಕಾಗಿದ್ದರೆ ಪ್ರತಿ ಬಿಸಿನೀರ ಬುಗ್ಗೆಯೂ ಗೀಸರ್ ಆಗುತ್ತಿತ್ತು. ಅಪರೂಪದ್ದು ಮೂರನೆಯದು: ಒತ್ತಡ ತಡೆದುಕೊಳ್ಳುವ, ನಡುವೆ ಕತ್ತು ಕಿರಿದಾದ ಕೊಳವೆ. ಜಗತ್ತಿನ ಗೀಸರ್‌ಗಳಲ್ಲಿ ಸುಮಾರು ಅರ್ಧದಷ್ಟು ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಒಂದರಲ್ಲೇ ಇವೆ. ಅಲ್ಲಿನ ರಯೋಲೈಟ್ ಎಂಬ ಜ್ವಾಲಾಮುಖಿ ಬಂಡೆಯ ಸಿಲಿಕಾ (ಮರಳಿನಲ್ಲಿರುವ ಖನಿಜ) ಬಿಸಿನೀರಿನಲ್ಲಿ ಕರಗಿ ಬಂದು, ನೀರು ತಣಿಯುವಾಗ ಬಿರುಕುಗಳ ಗೋಡೆಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ. ಸೋರದಂತೆ ಗಿಲಾವು ಮಾಡುವುದೂ ಅದೇ, ಕತ್ತು ಕಿರಿದು ಮಾಡುವುದೂ ಅದೇ. ಓಲ್ಡ್ ಫೇತ್‌ಫುಲ್ ಗೀಸರ್‌ನೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಸುಮಾರು 7 ಮೀಟರ್ ಆಳದಲ್ಲಿ ಕಂಡ ಕತ್ತಿನ ಅಗಲ ಬರೀ 11 ಸೆಂಟಿಮೀಟರ್. ಅರ್ಧ ಗೇಣು!

ಆಟವೆಲ್ಲ ನೀರಿನ ಭಾರದ್ದು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಹತ್ತಿರ ಹತ್ತಿರ ಇಮ್ಮಡಿ. ಅಲ್ಲಿ ನೀರು ಕುದಿಯಲು 120 ಡಿಗ್ರಿ ಸೆಲ್ಸಿಯಸ್ ಬೇಕು, 20 ಮೀಟರ್‌ನಲ್ಲಾದರೆ 133. ಹಾಗಾಗಿ 118 ಡಿಗ್ರಿಯ ನೀರೂ ತಳದಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಕೆಳಗಿನಿಂದ ಹಬೆಗುಳ್ಳೆಗಳು ಕತ್ತಿನಲ್ಲಿ ನುಗ್ಗಿ ಮೇಲಿನ ನೀರನ್ನು ಸ್ವಲ್ಪ ಹೊರಚೆಲ್ಲಿದವೋ, ಭಾರ ಇಳಿಯಿತು. ಭಾರದ ಜೊತೆ ಕುದಿಬಿಂದುವೂ ಇಳಿಯಿತು. 120 ಡಿಗ್ರಿಯ ನೂರು ಕಿಲೋ ನೀರಿನ ಒತ್ತಡ ಪೂರ್ತಿ ಬಿಟ್ಟರೆ ಆವಿಯಾಗುವುದು ಸುಮಾರು 4 ಕಿಲೋ ಅಷ್ಟೆ, ಆದರೆ ಆ ಆವಿಗೆ ಬೇಕಾದ ಜಾಗ ಆರು ಸಾವಿರ ಲೀಟರಿಗೂ ಮಿಕ್ಕಿ. ಹೊರಗೆ ಹೋಗಲು ಇರುವುದು ಆ ಕತ್ತೊಂದೇ. ನೀಲಿ ಗುಮ್ಮಟ ಅಂದರೆ ಆ ಹಬೆ ಮೇಲಿನ ನೀರನ್ನು ಕೆಳಗಿನಿಂದ ಎತ್ತಿ ಹಿಡಿದ ಕ್ಷಣ.

ಕತ್ತು ತೀರಾ ಅಗಲವಾದರೆ ಮೇಲಿನ ತಣ್ಣೀರು ಕೆಳಗಿಳಿದು ಬಿಸಿ ಕಲಸಿಹೋಗುತ್ತದೆ, ಬರೀ ಕುದಿಯುವ ಹೊಂಡ ಉಳಿಯುತ್ತದೆ. ಕಟ್ಟಿಕೊಂಡರೆ ನೀರು ಬೇರೆ ಬಿರುಕು ಹುಡುಕಿಕೊಳ್ಳುತ್ತದೆ.

ಇನ್ನು "ಉಗಿಯುತ್ತಲ್ಲ" ಎನ್ನುವ ಮಾತು. ನಾಣ್ಯವಾಗಲಿ ಕಲ್ಲಾಗಲಿ ನೇರ ತಳಕ್ಕೆ ಹೋಗುವುದಿಲ್ಲ. ಕೊಳವೆ ಸೊಟ್ಟ, ಅಂಚುಗಳು ಒರಟು. ಸಿಕ್ಕಿಕೊಂಡದ್ದರ ಮೇಲೆ ಸಿಲಿಕಾ ಕೂತರೆ ಅದೂ ಗೋಡೆಯೇ ಆಯಿತು. ಯೆಲ್ಲೊಸ್ಟೋನಿನ ಮಿನಿಟ್ ಗೀಸರ್ ಒಂದು ಕಾಲಕ್ಕೆ ಹೆಸರಿಗೆ ತಕ್ಕಂತೆ ನಿಮಿಷಕ್ಕೊಮ್ಮೆ ಚಿಮ್ಮುತ್ತಿತ್ತು. ಪ್ರವಾಸಿಗರು ಎಸೆದ ಕಲ್ಲುಗಳಿಂದ ಅದರ ದೊಡ್ಡ ಬಾಯಿ ಮುಚ್ಚಿಹೋಯಿತು. ಮಾರ್ನಿಂಗ್ ಗ್ಲೋರಿ ಗೀಸರ್ ಅಲ್ಲ, ಬಿಸಿನೀರ ಕೊಳ. ಅದರ ಬಾಯಿಗೂ ನಾಣ್ಯ, ಕಸ ತುರುಕಿದ ಪುಣ್ಯಾತ್ಮರಿದ್ದಾರೆ. ನೀರು ತಣಿದು, ಹಳದಿ–ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಅಂಚಿನಿಂದ ಒಳಗೆ ಹರಡಿ, ನೀಲಿ ನಡುವಿಗೆ ಸರಿದಿದೆ.

ಉಗಿದದ್ದೂ ಉಂಟು, ಸುಳ್ಳು ಯಾಕೆ. 2018ರ ಸೆಪ್ಟೆಂಬರಿನಲ್ಲಿ ಅಲ್ಲಿನ ಇಯರ್ ಸ್ಪ್ರಿಂಗ್ ಒಮ್ಮೆಲೇ ಚಿಮ್ಮಿ ನಾಣ್ಯಗಳನ್ನೂ 1930ರ ದಶಕದ ಮಗುವಿನ ಚೀಪುವ ರಬ್ಬರನ್ನೂ ಹೊರಗೆಸೆಯಿತು. ಎಸೆದವರಲ್ಲಿ ಎಷ್ಟು ಜನ ಅಷ್ಟು ಹೊತ್ತು ಕಾದಿದ್ದರೋ.

ಮರುದಿನ ಅದೇ ವಿಡಿಯೊ ಮತ್ತೆ ಹಾಕಿ ಅವರಿಗೆ ಹೇಳಿದ್ದಾಯಿತು: ಈ ಸ್ಟ್ರೋಕ್ಕುರ್ ಕೂಡ 1896ರ ಭೂಕಂಪದಲ್ಲಿ ಕಟ್ಟಿಕೊಂಡು ನಿಂತೇಹೋಗಿತ್ತು, 1963ರಲ್ಲಿ ಜನ ಕೊಳವೆ ಬಿಡಿಸಿದ ಮೇಲೇ ಮತ್ತೆ ಶುರುವಾದದ್ದು.

ಗುಮ್ಮಟ ಉಬ್ಬಿತು, ಒಡೆಯಿತು. ಅವರು ನೋಡುತ್ತಲೇ ಅಂದರು: "ಹಾಗಾದರೆ ಬಿಡಿಸಿದರಾಯ್ತಲ್ಲ."