ಕೋಲಾರದಲ್ಲಿ ಎರಡು ಸಂಜೆ, ಒಂದು ನಸುಕು

ಬೆಂಗಳೂರಿನಿಂದ ಕೋಲಾರಕ್ಕೆ ಹೆಚ್ಚೆಂದರೆ 70 ಕಿ.ಮೀ. ಊಟ ಮುಗಿಸಿ ಬಸ್ಸು ಹತ್ತಿದರೂ ಹೊತ್ತು ಮುಳುಗುವ ಮೊದಲೇ ಅಂತರಗಂಗೆ ಬೆಟ್ಟದ ಮೆಟ್ಟಿಲ ಬುಡದಲ್ಲಿರಬಹುದು. ರಾತ್ರಿ ಫೋಟೊ ತೆಗೆಯಲು ಹೋಗುವವರು ಹಗಲಿರುವಾಗಲೇ ಊರು ಸೇರಬೇಕು. ಎಲ್ಲಿ ನಿಲ್ಲಬೇಕು, ಯಾವ ತಂತಿ ಅಡ್ಡ ಬರುತ್ತದೆ, ಯಾವ ದೀಪ ಲೆನ್ಸಿಗೆ ನೇರ ಹೊಡೆಯುತ್ತದೆ ಅನ್ನುವುದನ್ನೆಲ್ಲ ಬೆಳಕಿರುವಾಗಲೇ ನೋಡಿಟ್ಟುಕೊಳ್ಳಬೇಕು. ಕತ್ತಲಾದ ಮೇಲೆ ಜಾಗ ಹುಡುಕಿಕೊಂಡು ಅಲೆದರೆ ಒಳ್ಳೆಯ ಇಪ್ಪತ್ತು ನಿಮಿಷ ಅಲ್ಲೇ ಕರಗಿಹೋಗುತ್ತದೆ.

ಆ ಇಪ್ಪತ್ತು ನಿಮಿಷದ ಲೆಕ್ಕ ಹೀಗಿದೆ. ಸೂರ್ಯ ಮುಳುಗಿದ ಕೂಡಲೇ ಆಕಾಶ ಇನ್ನೂ ಬೆಳ್ಳಗಿರುತ್ತದೆ, ಬೀದಿದೀಪಗಳು ಪೇಲವವಾಗಿ ಕಾಣುತ್ತವೆ. ಸುಮಾರು 12 ನಿಮಿಷ ಕಳೆದ ಮೇಲೆ ದೀಪದ ಬೆಳಕೂ ಆಕಾಶದ ಬೆಳಕೂ ಒಂದೇ ತೂಕಕ್ಕೆ ಬರುತ್ತವೆ. 30 ನಿಮಿಷವಾಗುವ ಹೊತ್ತಿಗೆ ಆಕಾಶ ಕಪ್ಪು. ಇವೆರಡರ ನಡುವೆ ಆಕಾಶ ಕಡುನೀಲಿಯಾಗಿರುವ ಹೊತ್ತೇ ನಮಗೆ ಬೇಕಾದದ್ದು. ಕೋಲಾರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ನಾಲ್ಕು ನಿಮಿಷಕ್ಕೊಂದು ಡಿಗ್ರಿಯಂತೆ. ಯುರೋಪಿನ ಕೈಪಿಡಿಗಳನ್ನು ಓದಿಕೊಂಡು ಮುಕ್ಕಾಲು ಗಂಟೆ ನೀಲಿ ಸಿಗುತ್ತದೆಂದು ನಂಬಿ ಬಂದವರು ಅರ್ಧದಲ್ಲೇ ಕತ್ತಲೆಗೆ ಸಿಕ್ಕಿಬೀಳುತ್ತಾರೆ. ಸೂರ್ಯಾಸ್ತ ನವೆಂಬರಿನಲ್ಲಿ 5.50ರ ಆಸುಪಾಸು, ಜುಲೈನಲ್ಲಿ 6.50ರ ಹತ್ತಿರ. ಹಾಗಾಗಿ ಒಂದು ಸಂಜೆಗೆ ಒಂದೇ ಜಾಗ. ಬೆಟ್ಟವೂ ಬೇಕು, ಕ್ಲಾಕ್ ಟವರೂ ಬೇಕು ಎಂದರೆ ಎರಡು ಸಂಜೆ ಬೇಕೇ ಬೇಕು.

ಮೊದಲ ಸಂಜೆ ಬೆಟ್ಟಕ್ಕೆ. ಅಂತರಗಂಗೆ ಇರುವ ಶತಶೃಂಗ ಪರ್ವತ ಊರಿನ ಪಶ್ಚಿಮಕ್ಕಿದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಇಳಿಯುತ್ತಾನೆ, ಊರು ಪೂರ್ವಕ್ಕೆ, ಎದುರಿಗೆ ಹರಡಿಕೊಂಡಿರುತ್ತದೆ. ಸೂರ್ಯಾಸ್ತವೇ ಬೇಕೆಂದು ಬಂದವರಿಗೆ ಇದು ನಿರಾಸೆ ಅನ್ನಿಸಬಹುದು, ಆದರೆ ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿಕ್ಕಿಲ್ಲ. ಹೊತ್ತು ಮುಳುಗಿದ ಕೆಲವೇ ನಿಮಿಷಕ್ಕೆ ಪೂರ್ವದ ಅಂಚಿನಲ್ಲಿ ಬೂದಿನೀಲಿಯ ಒಂದು ಪಟ್ಟಿ ಮೇಲೇಳುತ್ತದೆ, ಅದರ ತಲೆಯ ಮೇಲೆ ತಿಳಿಗುಲಾಬಿಯ ಇನ್ನೊಂದು ಪಟ್ಟಿ. ಕೆಳಗಿನದು ಭೂಮಿಯದೇ ನೆರಳು. ಅದು ಮೇಲೇರುತ್ತ ಗುಲಾಬಿಯನ್ನು ನುಂಗುವಷ್ಟರಲ್ಲಿ ಊರಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ.

ಊರು ಇಲ್ಲಿಂದ ಮೂರು ಕಿ.ಮೀ.ಯಷ್ಟು ದೂರ, 70-200 ಎಂಎಂ ಲೆನ್ಸು ಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಂಡಿ ಎಫ್/8, ಶಟರ್ ತೆರೆದಿರುವ ಹೊತ್ತು 2 ಸೆಕೆಂಡಿನಿಂದ ಶುರುಮಾಡಿ, ಆಕಾಶ ಕಪ್ಪಾದಂತೆ 15 ಸೆಕೆಂಡಿನವರೆಗೂ ಹೋಗಬಹುದು. ಬೆಟ್ಟದ ಗಾಳಿಗೆ ಉದ್ದ ಲೆನ್ಸು ಪಟದಂತೆ ಅಲುಗುತ್ತದೆ. ಟ್ರೈಪಾಡಿನ ನಡುಗಂಬವನ್ನು ಎತ್ತಲೇಬೇಡಿ. ಚೀಲವನ್ನು ಅದರ ಕೊಕ್ಕೆಗೆ ತೂಗುಹಾಕುವುದಾದರೆ ತಳ ನೆಲಕ್ಕೆ ತಾಗುವ ಹಾಗೆ ಹಾಕಿ; ತೂಗಾಡುವ ಚೀಲ ಸ್ವತಃ ಲೋಲಕವಾಗಿ ಟ್ರೈಪಾಡನ್ನೇ ಅಲ್ಲಾಡಿಸುತ್ತದೆ. ಲೆನ್ಸಿನ ಅಲುಗಾಟ ತಡೆಯುವ ಸ್ಟೆಬಿಲೈಸರ್ ಆಫ್ ಇರಲಿ, 2 ಸೆಕೆಂಡಿನ ಟೈಮರ್ ಇರಲಿ. ಫೋಕಸ್ಸಿಗೆ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ತೆರೆಯಲ್ಲಿ, ದೂರದ ಒಂದು ದೀಪವನ್ನು 10 ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವ ತನಕ ಕೈಯಿಂದಲೇ ತಿರುಗಿಸಿ, ಆಮೇಲೆ ರಿಂಗಿಗೆ ಒಂದು ತುಂಡು ಟೇಪು ಅಂಟಿಸಿಬಿಡಿ.

ಚಂದ್ರನೂ ಬೇಕಿದ್ದರೆ ಪಂಚಾಂಗ ನೋಡಿಕೊಂಡು ಹೊರಡಿ. ಹುಣ್ಣಿಮೆ ಚಂದ್ರ ಡಿಸೆಂಬರಿನಲ್ಲಿ ಈಶಾನ್ಯಕ್ಕೆ ವಾಲಿ ಹುಟ್ಟುತ್ತಾನೆ, ಜೂನಿನಲ್ಲಿ ಆಗ್ನೇಯಕ್ಕೆ. ನೇರ ಪೂರ್ವಕ್ಕೆ, ಅಂದರೆ ಊರಿನ ನೆತ್ತಿಯ ಮೇಲೆ, ಬರುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ. ಸೆಪ್ಟೆಂಬರಿನಲ್ಲಿ ಮೋಡದ ಕಾಟ. ಹೋಳಿ ಹುಣ್ಣಿಮೆಯೇ ವಾಸಿ. ಹುಣ್ಣಿಮೆಯ ದಿನಕ್ಕಿಂತ ಅದರ ಹಿಂದಿನ ಸಂಜೆ ಇನ್ನೂ ಒಳ್ಳೆಯದು. ಅವತ್ತು ಚಂದ್ರ ಸೂರ್ಯಾಸ್ತಕ್ಕೆ ಮೊದಲೇ ಎದ್ದಿರುತ್ತಾನೆ, ಆಕಾಶದಲ್ಲಿ ಇನ್ನೂ ಬೆಳಕಿರುವುದರಿಂದ ಅವನ ಮೈಮೇಲಿನ ಕಲೆಗಳೂ ಕೆಳಗಿನ ಮನೆಗಳೂ ಒಂದೇ ಎಕ್ಸ್‌ಪೋಷರಿನಲ್ಲಿ ಸಿಗುತ್ತವೆ. ಕತ್ತಲಾದ ಮೇಲೆ ತೆಗೆದರೆ ಊರು ಕಾಣುವಷ್ಟು ಬೆಳಕಿಗೆ ಚಂದ್ರ ಬರೀ ಬಿಳಿ ರಂಧ್ರವಾಗುತ್ತಾನೆ. 200 ಎಂಎಂನಲ್ಲಿ ಶಟರ್ 1 ಸೆಕೆಂಡು ದಾಟಬಾರದು. ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುವವನು ಅವನು.

ಇಳಿಯುವಾಗ ಹಣೆಗೆ ಕಟ್ಟುವ ಟಾರ್ಚು ಇರಲೇಬೇಕು. ಕಾಶಿ ವಿಶ್ವನಾಥನ ಗುಡಿಯ ಹತ್ತಿರ, ಕಲ್ಲುಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯ ಸುತ್ತ, ಮೆಟ್ಟಿಲುಗಳು ಒದ್ದೆಯಾಗಿರುತ್ತವೆ. ಹಗಲಲ್ಲಿ ಮಂಗಗಳು ಚೀಲಕ್ಕೆ ಕೈಹಾಕುತ್ತವೆ, ತಿಂಡಿಯ ಪೊಟ್ಟಣ ಹೊರಗೆ ಕಾಣದಿರಲಿ. ಸಂಜೆ ಎಷ್ಟು ಹೊತ್ತಿನವರೆಗೆ ಇರಲು ಬಿಡುತ್ತಾರೆಂದು ಕೆಳಗೇ ಕೇಳಿಕೊಂಡು ಹತ್ತಿ. ಗುಡಿಯಿಂದ ಮೇಲಕ್ಕೆ, ಗುಹೆಗಳ ಕಡೆಗೆ, ಕತ್ತಲಲ್ಲಿ ಹೋಗಲೇಬಾರದು.

ಎರಡನೆಯ ಸಂಜೆ ಊರೊಳಗೆ. ಸೋಮೇಶ್ವರ ದೇವಸ್ಥಾನ ವಿಜಯನಗರ ಕಾಲದ್ದು, ಕೋಲಾರಮ್ಮನದು ಅದಕ್ಕೂ ಹಿಂದಿನದು, ಚೋಳರ ಶಾಸನಗಳಿರುವ ಗುಡಿ. ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಒಳಗೆ ಟ್ರೈಪಾಡ್ ಇಡಬೇಕೆಂದರೆ ಮೊದಲೇ ಅನುಮತಿ ಪಡೆದಿರಬೇಕು. ಸೋಮೇಶ್ವರನ ಗೋಪುರವನ್ನು ಬೀದಿಯಿಂದಲೇ ತೆಗೆಯಬಹುದು, ಆದರೆ ದೂರ ಸರಿದಷ್ಟೂ ವಿದ್ಯುತ್ ತಂತಿಗಳು ಅಡ್ಡ ಬರುತ್ತವೆ, ಹತ್ತಿರ ಹೋಗಿ ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. 24 ಎಂಎಂ ಹಾಕಿ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಮಟ್ಟವಾಗಿ ಹಿಡಿದು, ಕೆಳಗೆ ಸಿಗುವ ರಸ್ತೆಯನ್ನು ಆಮೇಲೆ ಕತ್ತರಿಸಿ. ಅರ್ಧ ಚಿತ್ರ ಹೋದರೂ ಚಿಂತೆಯಿಲ್ಲ, ಗೋಪುರ ನೆಟ್ಟಗೆ ನಿಲ್ಲುತ್ತದೆ.

ನೀಲಿಯ ಹೊತ್ತನ್ನು ಮಾತ್ರ ಕ್ಲಾಕ್ ಟವರಿಗೆ ಮೀಸಲಿಡಿ. ಯಾವುದೇ ಗಡಿಯಾರ ಗೋಪುರದ ಚಿತ್ರದಲ್ಲಿ ಜನ ಎಡವುವುದು ಮುಖದ ಹತ್ತಿರ. ಗಡಿಯಾರಕ್ಕೆ ದೀಪ ಹತ್ತಿದ್ದರೆ ಅದು ಗೋಡೆಗಿಂತ ನಾಲ್ಕೈದು ಸ್ಟಾಪ್ ಪ್ರಖರ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಗೋಡೆಗೆ 4 ಸೆಕೆಂಡು ಕೊಟ್ಟರೆ ಅಂಕಿಗಳು ಮಾಯ. ಅಂಕಿಗಳಿಗೆ 1/8 ಸೆಕೆಂಡು ಸಾಕು. ಎರಡನ್ನೂ ಬೇರೆ ಬೇರೆ ತೆಗೆದು ಕೂಡಿಸುವುದೇ ದಾರಿ. ನಿಮಿಷದ ಮುಳ್ಳು 30 ಸೆಕೆಂಡಿಗೆ 3 ಡಿಗ್ರಿ ಸರಿಯುವುದರಿಂದ, ವಾಹನಗಳ ದೀಪ ಎಳೆಯುವ ಗೆರೆಗಾಗಿ ಉದ್ದ ಎಕ್ಸ್‌ಪೋಷರ್ ಕೊಟ್ಟ ಫ್ರೇಮಿನಲ್ಲಿ ಮುಳ್ಳಿನ ತುದಿ ದಪ್ಪಗಾಗಿ ಮಸುಕಾಗುತ್ತದೆ. ಮುಖವನ್ನು ಚಿಕ್ಕ ಫ್ರೇಮಿನಿಂದಲೇ ತೆಗೆದುಕೊಳ್ಳಿ.

ಗೆರೆಗಳ ಲೆಕ್ಕವೂ ಸುಲಭ. ಗಂಟೆಗೆ 30 ಕಿ.ಮೀ. ವೇಗದ ಬಸ್ಸು ಸೆಕೆಂಡಿಗೆ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. 80 ಮೀಟರಿನ ಫ್ರೇಮು ದಾಟಲು ಹತ್ತು ಸೆಕೆಂಡು. ಕೆಎಸ್‌ಆರ್‌ಟಿಸಿ ಬಸ್ಸಾದರೆ ತಲೆಯ ಮೇಲಿನ ದೀಪಗಳಿಂದ ಎತ್ತರದಲ್ಲೂ ಒಂದು ಗೆರೆ ಸಿಗುತ್ತದೆ. ಇಂಡಿಕೇಟರ್ ಹಾಕಿಕೊಂಡು ತಿರುಗುವ ಆಟೊ ತುಂಡು ತುಂಡು ಕಿತ್ತಳೆ ಗೆರೆ ಬಿಡುತ್ತದೆ. ಬೈಕುಗಳೇ ತುಂಬಿದ ರಸ್ತೆಯಲ್ಲಿ ಗೆರೆಗಳು ನೂಲಿನ ಸಿಕ್ಕಿನಂತಾಗುತ್ತವೆ, ಬಸ್ಸಿಗಾಗಿ ಕಾಯಿರಿ. ಡೂಂಲೈಟ್ ವೃತ್ತದಂಥ ಕಡೆ ಟ್ರೈಪಾಡ್ ಫುಟ್‌ಪಾತಿನ ಮೇಲೆಯೇ ಇರಲಿ, ರಸ್ತೆ ವಿಭಜಕದ ಮೇಲೆ ಬೇಡ.

ಎದುರಿನಿಂದ ಹೆಡ್‌ಲೈಟ್ ಬರುವ ಚಿತ್ರಗಳಲ್ಲಿ ಹಸಿರು ಚುಕ್ಕೆಗಳು ತೇಲುತ್ತಿದ್ದರೆ ಲೆನ್ಸನ್ನು ಬೈಯಬೇಡಿ. ಚಿತ್ರದ ನಡುಮಧ್ಯದಿಂದ ಅಳೆದು ನೋಡಿ: ಎಡಗಡೆ ಮೇಲೆ ದೀಪವಿದ್ದರೆ ಚುಕ್ಕೆ ಬಲಗಡೆ ಕೆಳಗೆ ಅಷ್ಟೇ ದೂರದಲ್ಲಿರುತ್ತದೆ. ಅದು ಮುಂದೆ ಹಾಕಿರುವ ಯುವಿ ಫಿಲ್ಟರಿನ ಕೆಲಸ. ರಾತ್ರಿ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ. ಮೊಬೈಲಿನಲ್ಲಿ ತೆಗೆಯುವವರಿಗೆ ಕಾಟ ಕೊಡುವುದು ಬೆರಳಿನ ಜಿಡ್ಡು. ಲೆನ್ಸನ್ನು ಅಡ್ಡಕ್ಕೆ ಉಜ್ಜಿದ ಜಿಡ್ಡು ದೀಪಗಳಿಂದ ಮೇಲಕ್ಕೂ ಕೆಳಕ್ಕೂ ಗೆರೆ ಎಳೆಯುತ್ತದೆ. ಬಾಯಿಂದ ಹಬೆ ಊದಿ, ಹತ್ತಿಬಟ್ಟೆಯಿಂದ ಸುತ್ತು ಸುತ್ತಾಗಿ ಒರೆಸಿದರೆ ಹೋಗುತ್ತದೆ.

ಆಕಾಶ ಕಪ್ಪಾದ ಮೇಲೆ ಆಕಾಶವೇ ಇಲ್ಲದ ಚಿತ್ರಗಳಿಗೆ ಹೊರಳಿ. ಕೋಲಾರದಲ್ಲಿ ಅದಕ್ಕೆ ಎಪಿಎಂಸಿಯ ಟೊಮೆಟೊ ಮಾರುಕಟ್ಟೆಗಿಂತ ಒಳ್ಳೆಯ ಜಾಗ ಕಾಣೆ. ಸೀಸನ್ನಿನಲ್ಲಿ ಹದಿನೈದು ಕಿಲೊ ತುಂಬುವ ಕ್ರೇಟುಗಳು ಗೋಡೆಯಂತೆ ಏರಿರುತ್ತವೆ, ದೂರದ ಊರುಗಳಿಗೆ ಹೊರಡುವ ಲಾರಿಗಳು ತುಂಬುತ್ತಿರುತ್ತವೆ. ಇಲ್ಲಿ ದೀಪ ನೋಡಿ ನಿಲ್ಲಿ. ಹಳೆಯ ಸೋಡಿಯಂ ದೀಪದ ಕೆಳಗೆ ಹಣ್ಣು ಕಂದುಕಿತ್ತಳೆಯಾಗುತ್ತದೆ. ಆ ಬೆಳಕಿನಲ್ಲಿ ಕೆಂಪು ತೀರಾ ಕಡಿಮೆ, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಇಲ್ಲದ ಬಣ್ಣ ಬರುವುದಿಲ್ಲ. ನಾಲ್ಕು ಹೆಜ್ಜೆ ಸರಿದು ಬಿಳಿ ಎಲ್‌ಇಡಿಯ ಕೆಳಗೆ ಅದೇ ಕ್ರೇಟನ್ನು ತೆಗೆಯಿರಿ, ಕೆಂಪು ಮರಳಿ ಬಂದಿರುತ್ತದೆ. ಕೈಯಲ್ಲೇ ಹಿಡಿದು 35 ಎಂಎಂ, ಎಫ್/2, ಐಎಸ್‌ಒ 3200, ಶಟರ್ 1/100. ಶಟರ್ ಅದಕ್ಕಿಂತ ಚುರುಕಾದರೆ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಬಾರಿ ಮಿನುಗುವುದು ಚಿತ್ರದಲ್ಲಿ ಕಪ್ಪು ಪಟ್ಟಿಗಳಾಗಿ ಕಾಣಿಸಿಕೊಳ್ಳುತ್ತದೆ. ಮತ್ತೆ, ಇಲ್ಲಿರುವವರು ಬೆನ್ನಮೇಲೆ ಹೊರೆ ಹೊತ್ತು ಓಡಾಡುವ ಜನ. ದಾರಿಗೆ ಅಡ್ಡ ನಿಲ್ಲಬೇಡಿ, ಕೇಳಿ ತೆಗೆಯಿರಿ, ಫ್ಲ್ಯಾಶ್ ಬೇಡವೇ ಬೇಡ.

ಮಲಗಿ ಎದ್ದು ನಸುಕಿಗೆ ಚಿನ್ನದ ಗಣಿಯ ಊರಾದ ಕೆಜಿಎಫ್, ಕೋಲಾರದಿಂದ ಸುಮಾರು 30 ಕಿ.ಮೀ. ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು 1902ರಲ್ಲೇ ವಿದ್ಯುತ್ ತಂದ ಊರು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಶಾಫ್ಟುಗಳ (ಗಣಿಗೆ ಇಳಿಯುವ ಬಾವಿಗಳ) ಕಬ್ಬಿಣದ ಗೋಪುರಗಳು ಕೆಲವು ಇನ್ನೂ ನಿಂತಿವೆ. ಗಣಿಯ ಆವರಣಕ್ಕೆ ಪ್ರವೇಶವಿಲ್ಲ, ರಸ್ತೆಯಿಂದಲೇ ಉದ್ದ ಲೆನ್ಸಿನಲ್ಲಿ ತೆಗೆಯಬೇಕು. ಬೆಳಗಿನ ಲೆಕ್ಕ ಸಂಜೆಯದನ್ನು ತಿರುಗಿಸಿದ್ದು: ಸೂರ್ಯ ಹುಟ್ಟುವ 30 ನಿಮಿಷ ಮೊದಲು ಶುರು, 12 ನಿಮಿಷ ಮೊದಲು ಮುಗಿತಾಯ. ಗೋಪುರದ ಪಶ್ಚಿಮಕ್ಕೆ ನಿಂತರೆ ಅದರ ಒಂದೊಂದು ಅಡ್ಡಪಟ್ಟಿಯೂ ಬೆಳಗುವ ಆಕಾಶದ ಮೇಲೆ ಬಿಡಿಬಿಡಿಯಾಗಿ ಕಾಣುತ್ತದೆ. ಚಳಿಗಾಲದಲ್ಲಿ ರೂಮಿನಿಂದ ಹೊರಡುವ ಅರ್ಧ ಗಂಟೆ ಮೊದಲೇ ಕ್ಯಾಮೆರಾ ಚೀಲವನ್ನು ಕಿಟಕಿಯ ಹೊರಗಿನ ಗಾಳಿಗೆ ಇಟ್ಟಿರಿ. ಹೊರಗಿನ ಚಳಿಗೆ ಅದು ಹೊಂದಿಕೊಂಡಿದ್ದರೆ ಬ್ಯಾಟರಿ ಒಂದನ್ನು ಜೇಬಿನಲ್ಲಿ ಬೆಚ್ಚಗಿಡುವುದಷ್ಟೇ ಉಳಿದ ಕೆಲಸ.

ಮಾರಿಕುಪ್ಪಂನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲು ಬೆಳಗಾಗುವ ಹೊತ್ತಿಗೇ ಹೊರಡುತ್ತದೆ. ಅವತ್ತಿನ ಸಮಯ ಸೂರ್ಯೋದಯದ ಮೊದಲಿಗೆ ಬೀಳುವಂತಿದ್ದರೆ ಹಳಿಯಿಂದ ದೂರ, ರಸ್ತೆಯ ಬದಿಯಲ್ಲಿ ನಿಂತು 8 ಸೆಕೆಂಡು ಶಟರ್ ತೆರೆದಿಡಿ. ಬೋಗಿಯ ಕಿಟಕಿಗಳೆಲ್ಲ ಸೇರಿ ಒಂದೇ ಹಳದಿ ಪಟ್ಟಿಯಾಗಿ ಫ್ರೇಮನ್ನು ದಾಟುತ್ತವೆ, ಹಿಂದೆ ಶಾಫ್ಟಿನ ಗೋಪುರ ಅಲುಗದೆ ನಿಂತಿರುತ್ತದೆ.