ಸರ್ಕಾರಕ್ಕೆ ಬೀಗ ಬಿದ್ದ ಊರಿನಲ್ಲಿ

2019ರ ಜನವರಿ ಮೂರನೆಯ ವಾರ. ವಾಷಿಂಗ್ಟನ್ನಿನ ಚಳಿಗೆ ಎರಡು ಸ್ವೆಟರ್ ಸಾಲದೆ ಅಳಿಯನ ಕೋಟನ್ನೂ ಏರಿಸಿಕೊಂಡು ಮ್ಯೂಸಿಯಂ ನೋಡಲು ಹೋದೆ. ಬಾಗಿಲಿಗೆ ಚೀಟಿ ಅಂಟಿಸಿದ್ದರು: ಸರ್ಕಾರ ಮುಚ್ಚಿರುವುದರಿಂದ ಪ್ರವೇಶವಿಲ್ಲ. ಬಂದ್ ದಿನ ಅಂಗಡಿ ಮುಚ್ಚುವುದನ್ನು ಕಂಡವನು ನಾನು. ಸರ್ಕಾರವೇ ತನಗೆ ಬೀಗ ಹಾಕಿಕೊಳ್ಳುವುದನ್ನು ಕಂಡಿರಲಿಲ್ಲ.

ಗಡಿಗೋಡೆಗೆ 570 ಕೋಟಿ ಡಾಲರ್ ಬೇಕೆಂದು ಅಧ್ಯಕ್ಷ ಟ್ರಂಪ್ ಪಟ್ಟು ಹಿಡಿದಿದ್ದರು. ಆಗಷ್ಟೇ ಡೆಮಾಕ್ರಟರ ಕೈಗೆ ಬಂದಿದ್ದ ಕೆಳಮನೆ ಒಪ್ಪಲಿಲ್ಲ. ಹಣ ಮಂಜೂರಾಗದೆ ಡಿಸೆಂಬರ್ 22ರಿಂದ ಹಲವು ಇಲಾಖೆಗಳು ನಿಂತಿದ್ದವು, ಸುಮಾರು 8 ಲಕ್ಷ ನೌಕರರ ಸಂಬಳವೂ ನಿಂತಿತ್ತು. ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ಅವರಿಗೆ ಉಚಿತ ಊಟ ಬಡಿಸುತ್ತಿದ್ದರು. ಮೂವತ್ತು ವರ್ಷ ತಪ್ಪದೆ ಸರ್ಕಾರಿ ಸಂಬಳ ಎಣಿಸಿದ ನನಗೆ ಆ ಸಾಲನ್ನು ಬಹಳ ಹೊತ್ತು ನೋಡಲಾಗಲಿಲ್ಲ.

“ಸದನ ಹಣವನ್ನೇ ಕೊಡದಿದ್ದ ಮೇಲೆ ರಾಜೀನಾಮೆ ಕೊಡಬೇಕಲ್ಲ?” ಎಂದೆ.

“ಯಾಕೆ ಕೊಡಬೇಕು ಮಾವ? ಅವರನ್ನು ಕೂರಿಸಿದ್ದು ಸದನವಲ್ಲವಲ್ಲ” ಎಂದ ಅಳಿಯ.

ಕ್ಯಾಪಿಟಲ್ ಕಟ್ಟಡ ಮಾತ್ರ ತೆರೆದಿತ್ತು. ಶಾಸಕಾಂಗದ ಖರ್ಚಿಗೆ ಮೊದಲೇ ಮಂಜೂರಾತಿ ಆಗಿತ್ತಂತೆ. ತಮ್ಮ ಎಲೆಗೆ ಮೊದಲು ಬಡಿಸಿಕೊಳ್ಳುವುದು ಎಲ್ಲ ದೇಶಗಳಲ್ಲೂ ಉಂಟು. ಒಳಗೆ ತಿಂಡಿ ಒಯ್ಯುವಂತಿಲ್ಲವೆಂದು ಮಗಳು ಕಟ್ಟಿಕೊಟ್ಟಿದ್ದ ಚಕ್ಕುಲಿಯನ್ನು ಮೆಟ್ಟಿಲ ಬಳಿಯೇ ಮುಗಿಸಿದೆವು. ಪಾಸು ಪಡೆದು ಕೆಳಮನೆಯ ಗ್ಯಾಲರಿಯಲ್ಲಿ ಕುಳಿತೆ. ಅಭ್ಯಾಸಬಲ, ಸ್ಪೀಕರ್ ಪೀಠದ ಬಲಕ್ಕೆ ಮೊದಲ ಸಾಲಿನಲ್ಲಿ ಸರ್ಕಾರದ ಮುಖ್ಯಸ್ಥರ ಆಸನವನ್ನು ಕಣ್ಣು ಹುಡುಕಿತು. ಅಂಥದ್ದೊಂದು ಇರಲೇ ಇಲ್ಲ. ಮಂತ್ರಿಗಳಿಗೂ ಜಾಗವಿಲ್ಲ. ನಮ್ಮಲ್ಲಿ ಸದಸ್ಯನಲ್ಲದವನು ಮಂತ್ರಿಯಾದರೆ ಆರು ತಿಂಗಳೊಳಗೆ ಗೆದ್ದು ಸದನದ ಒಳಗೆ ಬರಬೇಕು. ಅಲ್ಲಿ ಸದಸ್ಯನು ಮಂತ್ರಿಯಾದರೆ ಸದನ ಬಿಟ್ಟು ಹೊರಗೆ ನಡೆಯಬೇಕು. ಅಧ್ಯಕ್ಷರು ಭಾಷಣ ಮಾಡುವುದಕ್ಕೂ ಕರೆ ಬರಬೇಕು. ಸರ್ಕಾರ ತೆರೆದ ಮೇಲೆ ವಾರ್ಷಿಕ ಭಾಷಣ ಇಟ್ಟುಕೊಳ್ಳೋಣ ಎಂದು ಸ್ಪೀಕರ್ ನ್ಯಾನ್ಸಿ ಪೆಲೋಸಿ ಆ ವಾರವೇ ಅವರಿಗೆ ಪತ್ರ ಬರೆದಿದ್ದರು. ಕರೆಯದೆ ಬರುವಂತಿಲ್ಲ, ಬಾರದಿದ್ದರೂ ಕುರ್ಚಿ ಹೋಗುವುದಿಲ್ಲ. ಬೀಗ ತೆರೆಯುವಾಗ 35 ದಿನಗಳಾಗಿದ್ದವು.

ಅದೇ ವರ್ಷ ಜುಲೈ 23ರ ಸಂಜೆ ನಮ್ಮ ಮನೆಯ ಟಿವಿಯಲ್ಲಿ ವಿಧಾನಸೌಧ. ವಿಶ್ವಾಸಮತದ ಪರ 99, ವಿರುದ್ಧ 105. ಕುಮಾರಸ್ವಾಮಿ ಅಂದು ರಾತ್ರಿಯೇ ರಾಜೀನಾಮೆ ಕೊಟ್ಟರು. ಅದಕ್ಕೆ ಮುಂಚಿನ ರೆಸಾರ್ಟ್ ಪುರಾಣ ನೆನೆದರೆ ನಮ್ಮ ಪದ್ಧತಿಯೇ ಮೇಲು ಎನ್ನಲು ನಾಲಿಗೆ ಏಳುವುದಿಲ್ಲ. ಅಮೆರಿಕದಲ್ಲಿ ನಾಲ್ಕಾರು ಸದಸ್ಯರನ್ನು ಹೋಟೆಲಿನಲ್ಲಿ ಕೂಡಿಹಾಕಿ ಯಾರೂ ಅಧ್ಯಕ್ಷರನ್ನು ಇಳಿಸಲಾರರು.

ಮರುದಿನ ಬೆಳಿಗ್ಗೆ ಪಹಣಿಗೆಂದು ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರ ಮುಂದೆ ಪತ್ರಿಕೆ ಹರಡಿತ್ತು. ಸರ್ಕಾರ ಬಿದ್ದ ಸುದ್ದಿಯಿಂದ ಕಣ್ಣೆತ್ತದೆಯೇ ಅವರು ಅರ್ಜಿಗೆ ಕೈ ಚಾಚಿದರು.