ಕಮಲದ ಹಾಗೆ ಮನೆ ಕಟ್ಟುವುದೇ ನಿಸರ್ಗಪ್ರೇರಣೆಯೇ?

ನಾನು ವಾಸ್ತುಶಿಲ್ಪ ಕಲಿಸುವವನೆಂದು ತಿಳಿದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ ಇದು: "ನಿಸರ್ಗದಿಂದ ಪ್ರೇರಣೆ ಪಡೆದ ಕಟ್ಟಡ ಅಂದರೆ ಏನು ಸಾರ್? ಕಮಲದ ಹಾಗೆ, ಮೀನಿನ ಹಾಗೆ ಕಟ್ಟುವುದಾ?" ಪ್ರತಿ ಸಲವೂ ನಾನು ಸ್ಪೇನ್ ದೇಶದ ಕತಲೋನಿಯಾದ ಆಂತೋನಿ ಗೌದಿಯವರ (1852–1926) ಕಥೆಯನ್ನೇ ಹೇಳುತ್ತೇನೆ. ಅವರೂ ಹೂವಿನಿಂದಲೇ ಆರಂಭಿಸಿದವರು. ಆದರೆ ಅಲ್ಲಿಗೇ ನಿಂತವರಲ್ಲ.

ತಾಮ್ರದ ಕಡಾಯಿಗಳನ್ನು ಬಡಿದು ಮಾಡುವ ಕಸುಬುದಾರರ ಮನೆಯಲ್ಲಿ ಹುಟ್ಟಿದ ಗೌದಿ 1878ರಲ್ಲಿ ಬಾರ್ಸಿಲೋನಾದಲ್ಲಿ ಪದವಿ ಪಡೆದರು. ಅವರು ಕಟ್ಟಿದ ಮೊದಲ ದೊಡ್ಡ ಮನೆ ಕಾಸಾ ವಿಸೆನ್ಸ್ (1883–85). ಆ ನಿವೇಶನದಲ್ಲಿ ಹಳದಿ ಚೆಂಡು ಹೂಗಳೂ ಒಂದು ತಾಳೆಯ ಜಾತಿಯ ಮರವೂ ಇದ್ದವು. ಹೂಗಳು ಗೋಡೆಯ ಹೆಂಚುಬಿಲ್ಲೆಗಳ ಮೇಲೆ ಬಂದವು, ಬೀಸಣಿಗೆಯಂಥ ಗರಿಗಳು ಕಬ್ಬಿಣದ ಬೇಲಿಯಾದವು. ನಮ್ಮ ಹಬ್ಬದ ಬಾಗಿಲಿನ ಚೆಂಡು ಹೂವನ್ನು ಅಲ್ಲಿ ಕಂಡಾಗ ಸಂತೋಷವೇ ಆಗುತ್ತದೆ. ಆದರೂ ಅದು ಅಲಂಕಾರ: ಆ ಬಿಲ್ಲೆಗಳನ್ನೆಲ್ಲ ಕಿತ್ತು ಹಾಕಿದರೂ ಗೋಡೆ ನಿಂತೇ ಇರುತ್ತದೆ. ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಇರುವುದು ಈ ಗೌದಿ.

ಎರಡನೆಯ ಗೌದಿ ಅರ್ಥವಾಗಬೇಕಾದರೆ ಎರಡು ಮೊಳೆಗಳ ನಡುವೆ ಸಡಿಲವಾಗಿ ಕಟ್ಟಿದ ಹೂಮಾಲೆಯನ್ನು ನೋಡಬೇಕು. ಪ್ರತಿಯೊಂದು ಹೂವೂ ತನ್ನ ಭಾರದಿಂದ ಕೆಳಗೆ ಜಗ್ಗುತ್ತದೆ, ದಾರ ತನಗೆ ತಾನೇ ಒಂದು ಬಾಗನ್ನು ಕಂಡುಕೊಳ್ಳುತ್ತದೆ. ಆ ಬಾಗಿನಲ್ಲಿ ಇರುವುದು ಬರೀ ಎಳೆತ. ಅದೇ ಬಾಗನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವಿದ್ದ ಕಡೆಯೆಲ್ಲ ಒತ್ತಡ ಬರುತ್ತದೆ. ಕಲ್ಲು, ಇಟ್ಟಿಗೆಗಳು ಎಳೆತವನ್ನು ತಾಳುವುದಿಲ್ಲ, ಒತ್ತಡವನ್ನು ಚೆನ್ನಾಗಿ ತಾಳುತ್ತವೆ. ಇದನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿಯೇ ಹೇಳಿದ್ದರು, ಗೌದಿಯವರ ಶೋಧವಲ್ಲ. ಗೌದಿ ಮಾಡಿದ್ದೆಂದರೆ, ಕೊಲೋನಿಯಾ ಗ್ಯುಯೆಲ್ ಎಂಬ ಗಿರಣಿ ಕಾಲೋನಿಯ ಚರ್ಚಿಗಾಗಿ ಒಂದು ಇಡೀ ಕಟ್ಟಡವನ್ನೇ ದಾರದಲ್ಲಿ ನೇತು ಹಾಕಿದ್ದು. ಮಾದರಿಯ ಅಳತೆ 1:10, ತೂಕ 1:10000. ಅಂದರೆ ಒಂದು ಗ್ರಾಂ ಸೀಸದ ಗುಂಡು ಹತ್ತು ಕಿಲೋ ಭಾರಕ್ಕೆ ಸಮ. ಗುಂಡುಗಳನ್ನು ತುಂಬಿದ ಪುಟ್ಟ ಚೀಲಗಳನ್ನು ದಾರಗಳಿಗೆ ಕಟ್ಟಿ, ಒಂದು ಚೀಲ ಬದಲಿಸಿದರೆ ಉಳಿದ ದಾರಗಳೆಲ್ಲ ಅಲುಗಿ ಹೊಸ ಆಕಾರಕ್ಕೆ ಬರುವುದನ್ನು ನೋಡುತ್ತ, ಕೊನೆಗೆ ಫೋಟೊ ತೆಗೆದು, ಅದನ್ನು ತಿರುಗಿಸಿ ಹಿಡಿದು ಅದರ ಮೇಲೆಯೇ ಚರ್ಚಿನ ಚಿತ್ರ ಬರೆದರು. ಈ ಕೆಲಸಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. 1914ರಲ್ಲಿ ಹಣ ನಿಂತುಹೋದದ್ದರಿಂದ ನೆಲಮನೆಯಷ್ಟೇ ಪೂರ್ತಿಯಾಯಿತು. ಒಳಗಿನ ಕಂಬಗಳು ಓರೆಯಾಗಿ ನಿಂತಿವೆ, ಏಕೆಂದರೆ ಭಾರ ಬರುವುದೇ ಓರೆಯಾಗಿ.

ಬಾರ್ಸಿಲೋನಾದಲ್ಲಿ ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ, ಗೌದಿಯವರದೇ ಇನ್ನೊಂದು ಮನೆಯಾದ ಕಾಸಾ ಬಟ್ಲೊದ ಮೂಳೆಯಂಥ ಕಂಬಗಳಿಗಿಂತ ಅರ್ಧಕ್ಕೆ ನಿಂತ ಈ ಚರ್ಚಿನ ನೆಲಮನೆಯೇ ನನಗೆ ದೊಡ್ಡದು.

ಆ ನೆಲಮನೆಯಲ್ಲಿ ಕಲಿತದ್ದೆಲ್ಲ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿಗೆ ಬಂತು. 1883ರಲ್ಲಿ ಕೈಗೆತ್ತಿಕೊಂಡ ಆ ಕೆಲಸವನ್ನು ಗೌದಿ ಸಾಯುವವರೆಗೂ ಬಿಡಲಿಲ್ಲ. ಹಳೆಯ ಗೋಥಿಕ್ ಚರ್ಚುಗಳ ಹೊರಗೆ ಗೋಡೆಗೆ ಕೊಡುವ ಆನಿಕೆಗಳು ಅವರ ಕಣ್ಣಿಗೆ ಊರುಗೋಲುಗಳಾಗಿದ್ದವು. ಅವುಗಳ ಬದಲಿಗೆ ಕಂಬವೇ ಮೇಲೆ ಹೋಗುತ್ತ ಮರದಂತೆ ಕವಲೊಡೆದು, ಒಂದೊಂದು ಕೊಂಬೆಯೂ ಚಾವಣಿಯ ತನ್ನ ಪಾಲಿನ ಭಾರವನ್ನು ಹೊರುತ್ತದೆ. ಹೆಚ್ಚು ಭಾರವಿರುವ ಕಂಬಕ್ಕೆ ಹೆಚ್ಚು ಗಟ್ಟಿಯಾದ ಪಾರ್ಫಿರಿ ಕಲ್ಲು, ಕಡಿಮೆ ಇರುವಲ್ಲಿ ಮರಳುಗಲ್ಲು. ಇಲ್ಲಿಯ ಕೊಂಬೆಯನ್ನು ಕಿತ್ತರೆ ಚಾವಣಿ ಬೀಳುತ್ತದೆ.

ಆ ಕಂಬಗಳು ಎದ್ದು ನಿಂತದ್ದನ್ನು ಗೌದಿ ನೋಡಲಿಲ್ಲ. 1926ರ ಜೂನ್ 7ರಂದು ಟ್ರಾಮ್ ಬಡಿದು, ಮೂರು ದಿನಗಳ ನಂತರ ತೀರಿಕೊಂಡರು. 1936ರಲ್ಲಿ, ಅಂತರ್ಯುದ್ಧದ ಆರಂಭದಲ್ಲಿ, ಅವರ ಕಾರ್ಯಾಗಾರಕ್ಕೆ ಬೆಂಕಿ ಬಿದ್ದು ನಕ್ಷೆಗಳು ಸುಟ್ಟವು, ಪ್ಲಾಸ್ಟರ್ ಮಾದರಿಗಳು ಚೂರುಚೂರಾದವು. ಆದರೂ ಆ ಮಾದರಿಗಳ ಮೈಯೆಲ್ಲ ನೇರ ಗೆರೆಯೊಂದನ್ನು ತಿರುಗಿಸುತ್ತ ಸರಿಸಿದಾಗ ಹುಟ್ಟುವ, ಲೆಕ್ಕಕ್ಕೆ ಸಿಗುವ ಮೇಲ್ಮೈಗಳಿಂದ ಆಗಿದ್ದುದರಿಂದ, ಮುಂದಿನವರು ಒಂದೊಂದು ಚೂರನ್ನೂ ಅಳೆದು ಅದರ ಲೆಕ್ಕ ಹಿಡಿದು ಉಳಿದ ಭಾಗವನ್ನು ಕಟ್ಟುತ್ತ ಬಂದರು.